ಹಲಗೆ ಕೊಳೆಯುವುದು ದಡದಲ್ಲಿ

(ಮಲೆನಾಡಿನ ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲಕ್ಕೆ ಮುನ್ನ ಮಲೆನಾಡಿನ ರೈತನು ಮಾಡಿ ಮುಗಿಸುವ ಕೆಲಸಗಳಲ್ಲಿ ಹಳ್ಳದ ಕಾಲುಸಂಕವನ್ನು ತುಳಿದು ನೋಡುವುದೂ ಒಂದು. ಹಿಂದಿನ ವರ್ಷ ಹಾಸಿದ ಅಡಿಕೆ ಮರ ಮೇಲುನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ನಡುವೆ ನಿಂತು ಮೈಭಾರ ಬಿಟ್ಟರೂ ಅದು ಜಗ್ಗುವುದಿಲ್ಲ. ಆದರೆ ಸಂಕ ಕುಸಿಯುವುದು ಬಹುಮಟ್ಟಿಗೆ ನಡುವಿನಲ್ಲಿ ಅಲ್ಲ, ದಡದ ಮಣ್ಣಿನಲ್ಲಿ ಹೂತ ತುದಿಯಲ್ಲಿ. ಸದಾ ನೀರಿನ ಮೇಲೆಯೇ ಇರುವ ನಡುಭಾಗ ಉಳಿದು, ನೆಲಕ್ಕೆ ಒರಗಿದ ತುದಿ ಮೊದಲು ಕೊಳೆಯುವುದೇಕೆ? ಈ ಪ್ರಶ್ನೆಗೆ ಉತ್ತರ ತಿಳಿದವನಿಗೆ ಕೊಳೆತ ಮರವನ್ನು ದುರಸ್ತಿ ಮಾಡುವ ದಾರಿ ಅರ್ಧ ತಿಳಿದಂತೆಯೇ ಸರಿ.

ಉತ್ತರವನ್ನು ಹುಡುಕಲು ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಗೆ ಹೋಗಬೇಕೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಅದು ಬಯಲು ನಾಡು, ಕಬ್ಬಿನ ನಾಡು. ಮಲೆನಾಡಿನಲ್ಲಿ ಬೀಳುವ ಮಳೆಯ ಕಾಲುಭಾಗವೂ ಅಲ್ಲಿ ಬೀಳುವುದಿಲ್ಲ. ಆದರೆ ಆ ಸೀಮೆಯ ಬದುಕು ನಿಂತಿರುವುದು ಘಟ್ಟದ ನೀರಿನ ಮೇಲೆ. ರಾಯಬಾಗ ತಾಲ್ಲೂಕಿನ ಉತ್ತರದ ಅಂಚಿನಲ್ಲಿ, ಕುಡಚಿಯ ಮಗ್ಗುಲಲ್ಲಿ ಹರಿಯುವ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ನೆರೆಯ ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ದೂಧಗಂಗಾ, ವೇದಗಂಗಾ ನದಿಗಳೂ, ಹಿಡಕಲ್ ಜಲಾಶಯದ ಮೂಲಕ ರಾಯಬಾಗದ ಹೊಲಗಳಿಗೆ ಕಾಲುವೆಯ ನೀರು ಕೊಡುವ ಘಟಪ್ರಭೆಯೂ ಸಹ್ಯಾದ್ರಿಯ ಮಕ್ಕಳೇ. ಲೋಂಡಾದಿಂದ ಬೆಳಗಾವಿ, ರಾಯಬಾಗ, ಚಿಂಚಲಿ, ಕುಡಚಿಗಳ ಮೇಲೆ ಮೀರಜಿಗೆ ಸಾಗುವ ರೈಲುಮಾರ್ಗವಂತೂ ಖಾನಾಪುರದ ಕಾಡನ್ನೂ ಕೃಷ್ಣೆಯ ಬಯಲನ್ನೂ ನೇರವಾಗಿ ಜೋಡಿಸಿದೆ. ನೀರು ಘಟ್ಟದಿಂದ ಬರುವಂತೆ ಬಯಲಿಗೆ ಬೇಕಾದ ದೊಡ್ಡ ಮರವೂ ಘಟ್ಟದಲ್ಲಿಯೇ ಬೆಳೆಯಬೇಕು. ಆದುದರಿಂದ ಕೃಷ್ಣೆಯ ದಡದಲ್ಲಿ ಹಲಗೆಯೊಂದು ಅಕಾಲದಲ್ಲಿ ಕೊಳೆತರೆ ಅದರ ಲೆಕ್ಕ ಮಲೆನಾಡಿಗೂ ಬರುತ್ತದೆ.

ಬಾಂದಾರದ ಹಲಗೆ

ಸರೋವರದ ಅಂಚಿನಲ್ಲಿ ಮರದ ಕಂಬಗಳನ್ನು ನೆಟ್ಟು, ಹಲಗೆ ಹಾಸಿ ದೋಣಿ ಕಟ್ಟುವ ಕಟ್ಟೆಗಳು ಶೀತದೇಶಗಳಲ್ಲಿ ಸಾಮಾನ್ಯ. ಕೃಷ್ಣಾತೀರದ ಘಟ್ಟಗಳಾದರೋ ಕಲ್ಲಿನವು. ಆದರೆ ನೀರಿನೊಡನೆ ಮರ ದಿನವೂ ಹೋರಾಡುವ ಒಂದು ಸ್ಥಳ ಆ ಸೀಮೆಯಲ್ಲಿಯೂ ಉಂಟು. ಅದುವೇ ಬಾಂದಾರ.

ರಾಯಬಾಗವು ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಕೈಹಾಕಿದ ಶಾಹು ಮಹಾರಾಜರ ಸಂಸ್ಥಾನ ಅದು. ಆ ಕೊಲ್ಲಾಪುರದ ಹೆಸರನ್ನೇ ಹೊತ್ತ ‘ಕೊಲ್ಲಾಪುರ ಮಾದರಿ ಬಾಂದಾರ’ ಇಂದು ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ನೀರಾವರಿಯಲ್ಲಿ ಚಿರಪರಿಚಿತ.

ಅದರ ರಚನೆ ಸರಳ. ನದಿಗೆ ಅಡ್ಡಲಾಗಿ ಸಾಲಾಗಿ ಕಲ್ಲಿನ ಅಥವಾ ಕಾಂಕ್ರೀಟಿನ ಕಂಬಗಳು. ಕಂಬಗಳ ಮಗ್ಗುಲಲ್ಲಿ ನೆಟ್ಟಗೆ ಕೊರೆದ ಗಾಡಿಗಳು. ಮಳೆಗಾಲ ಮುಗಿದು ಪ್ರವಾಹ ಇಳಿದ ಮೇಲೆ ಈ ಗಾಡಿಗಳಲ್ಲಿ ಒಂದರ ಮೇಲೊಂದರಂತೆ ಹಲಗೆಗಳನ್ನು ಇಳಿಸುತ್ತಾರೆ. ಹಲಗೆಗಳದು ಎರಡು ಸಾಲು. ನಡುವಿನ ಸಂದಿಗೆ ಜೇಡಿಮಣ್ಣನ್ನು ತುಂಬಿ ತುಳಿದರೆ ನೀರು ಸೋರುವುದಿಲ್ಲ. ಹೀಗೆ ನಿಂತ ನೀರು ಬೇಸಗೆಯವರೆಗೆ ಕುಡಿಯಲು, ದನಕರುಗಳಿಗೆ, ಬೆಳೆಗೆ ಒದಗುತ್ತದೆ. ಮುಂಗಾರು ಹತ್ತಿರವಾದಾಗ ಹಲಗೆಗಳನ್ನು ಎತ್ತಿ ದಡಕ್ಕೆ ಸಾಗಿಸಿದರೆ ಹೂಳು ಹೊತ್ತ ಪ್ರವಾಹ ಕಂಬಗಳ ನಡುವೆ ಅಡೆತಡೆಯಿಲ್ಲದೆ ಹರಿದುಹೋಗುತ್ತದೆ. ಹೂಳು ತುಂಬದೆ ಉಳಿಯುವುದೇ ಇದರ ದೊಡ್ಡ ಗುಣ.

ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳ ಮೇಲೆ ಬಾಂದಾರದ ಮೇಲೆಯೇ ರಸ್ತೆ ಹಾಯಿಸಿದ ಕೆಳಮಟ್ಟದ ಸೇತುವೆಗಳೂ ಇವೆ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ ಎಂಬ ಜೋಡಿ ಹೆಸರುಗಳನ್ನು ಮಳೆಗಾಲದಲ್ಲಿ ಪತ್ರಿಕೆ ಓದುವವರೆಲ್ಲ ಬಲ್ಲರು. ಘಟ್ಟದಲ್ಲಿ ಮಳೆ ಜೋರಾದಾಗ ಮೊದಲು ಮುಳುಗುವುವು ಇವೇ.

ಬಾಂದಾರಗಳಿಗೆ ಮೊದಲು ಬಂದದ್ದು ಮರದ ಹಲಗೆ. ಈಚೆಗೆ ಅನೇಕ ಕಡೆಗಳಲ್ಲಿ ಅದರ ಸ್ಥಾನಕ್ಕೆ ಉಕ್ಕು ಬಂದಿದೆ. ಮರ ಉಳಿದಿರುವಲ್ಲಿ ಕೇಳಿಬರುವ ದೂರು ಒಂದೇ: “ಹಲಗೆ ನೀರಿನಲ್ಲಿದ್ದು ಕೊಳೆಯಿತು.” ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡಬೇಕಾಗಿದೆ.

ಕೊಳೆಯಲು ಬೇಕಾದ ನಾಲ್ಕು

ಮರವನ್ನು ಕೊಳೆಯಿಸುವುದು ನೀರಲ್ಲ, ಶಿಲೀಂಧ್ರ. ಅಣಬೆಯ ಜಾತಿಗೆ ಸೇರಿದ ಈ ಜೀವಿಗಳ ಕಣ್ಣಿಗೆ ಕಾಣದ ಎಳೆಗಳು ಮರದೊಳಗೆ ಹರಡಿ, ಅದರ ನಾರನ್ನು ಕರಗಿಸಿ ಉಣ್ಣುತ್ತವೆ. ಅವುಗಳಿಗೆ ನಾಲ್ಕು ಅನುಕೂಲಗಳು ಬೇಕು: ಆಹಾರ, ತೇವ, ಗಾಳಿ, ಹದವಾದ ಬಿಸುಪು. ಇವುಗಳಲ್ಲಿ ಒಂದು ತಪ್ಪಿದರೂ ಕೊಳೆಯುವಿಕೆ ನಿಲ್ಲುತ್ತದೆ ಅಥವಾ ಬಹಳ ನಿಧಾನವಾಗುತ್ತದೆ.

ಆಹಾರವೆಂದರೆ ಮರವೇ. ಬಿಸುಪು ಈ ನಾಡಿನಲ್ಲಿ ವರ್ಷವಿಡೀ ಉಂಟು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಶಿಲೀಂಧ್ರಕ್ಕೆ ಒಗ್ಗಿದ್ದು. ಆದ್ದರಿಂದ ಮನುಷ್ಯನ ಹಿಡಿತದಲ್ಲಿರುವುದು ತೇವ ಮತ್ತು ಗಾಳಿ ಎರಡೇ.

ಒಣಗಿದ ಮರದ ತೂಕಕ್ಕೆ ಹೋಲಿಸಿದಾಗ ಅದರೊಳಗಿನ ನೀರು ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಕೊಳೆ ಹಿಡಿಯುವುದಿಲ್ಲ. ಊರಿನ ದೇವಸ್ಥಾನಗಳ ತೊಲೆಗಳು ನೂರಾರು ವರ್ಷ ಬಾಳುವುದು ಈ ಕಾರಣದಿಂದ. ನೂರಕ್ಕೆ 28-30ರ ಮಟ್ಟ ದಾಟಿದ ತೇವ ಶಿಲೀಂಧ್ರಕ್ಕೆ ಹಬ್ಬ. ಆದರೆ ತೇವ ಇನ್ನೂ ಏರಿ, ಮರದ ಸಂದುಗೊಂದುಗಳೆಲ್ಲ ನೀರಿನಿಂದಲೇ ತುಂಬಿದರೆ ಅಲ್ಲಿ ಗಾಳಿಗೆ ಎಡೆಯಿರುವುದಿಲ್ಲ. ಗಾಳಿಯಿಲ್ಲದೆ ಈ ಶಿಲೀಂಧ್ರಗಳು ಬೆಳೆಯಲಾರವು. ಪಾಟ್ನಾ ನಗರದ ಬಳಿಯ ಕುಮ್ರಾಹಾರಿನಲ್ಲಿ 1912-13ರಲ್ಲಿ ಸ್ಪೂನರ್ ಉತ್ಖನನ ನಡೆಸಿದಾಗ ಮೌರ್ಯರ ಕಾಲದ ಮರದ ವೇದಿಕೆಗಳು ತೇವ ತುಂಬಿದ ನೆಲದಾಳದಲ್ಲಿ ಉಳಿದುಬಂದಿರುವುದು ಕಂಡಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮರ ಅದು.

ಅಂದರೆ ಸಂಪೂರ್ಣ ಒಣಗಿದ ಮರ ಬಾಳುತ್ತದೆ. ಸಂಪೂರ್ಣ ಮುಳುಗಿದ ಮರವೂ ಬಹುಕಾಲ ಬಾಳುತ್ತದೆ. ಕೆಡುವುದು ಇವೆರಡರ ನಡುವೆ ಸಿಕ್ಕಿಕೊಂಡ ಮರ. ಕಾಲುಸಂಕದ ನಡುಭಾಗ ಮಳೆ ನಿಂತೊಡನೆ ಗಾಳಿಗೆ ಆರುತ್ತದೆ. ಮಣ್ಣಿನಲ್ಲಿ ಹೂತ ತುದಿ ಆರುವುದೂ ಇಲ್ಲ, ಮುಳುಗುವುದೂ ಇಲ್ಲ. ಅದಕ್ಕೆ ತೇವವೂ ಉಂಟು, ಗಾಳಿಯೂ ಉಂಟು. ಕೊಳೆ ಅಲ್ಲಿಂದಲೇ ಮೊದಲಾಗುತ್ತದೆ.

ನಾಲ್ಕು ತಿಂಗಳ ಅಲಕ್ಷ್ಯ

ಈ ಬೆಳಕಿನಲ್ಲಿ ಬಾಂದಾರದ ಹಲಗೆಯ ಒಂದು ವರ್ಷವನ್ನು ಪರಿಶೀಲಿಸೋಣವಾಗಲಿ. ಅಕ್ಟೋಬರಿನಿಂದ ಮೇವರೆಗೆ, ಸುಮಾರು ಎಂಟು ತಿಂಗಳು, ಅದು ನೀರಿನಲ್ಲಿರುತ್ತದೆ. ಕೆಳಗಿನ ಹಲಗೆಗಳಿಗೆ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಒದ್ದೆ ಜೇಡಿಮಣ್ಣು. ಅವುಗಳಿಗೆ ಗಾಳಿಯ ಸಂಪರ್ಕ ಕಡಿಮೆ, ಹಾನಿಯೂ ಕಡಿಮೆ. ಮೇಲಿನ ಒಂದೆರಡು ಹಲಗೆಗಳು ನೀರು ಏರಿ ಇಳಿದಂತೆ ನೆನೆಯುತ್ತ, ಆರುತ್ತ ಇರುವುದರಿಂದ ಬೇಗ ಕೆಡುತ್ತವೆ.

ಉಳಿದ ನಾಲ್ಕು ತಿಂಗಳು ಹಲಗೆಗೆ ಕೆಲಸವಿಲ್ಲ. ಎತ್ತಿದ ಹಲಗೆಗಳನ್ನು ದಡದ ನೆಲದ ಮೇಲೆಯೇ ಒಂದರ ಮೇಲೊಂದು ಒತ್ತಿ ಒಟ್ಟಿದರೆ, ಮೈಗೆ ಅಂಟಿದ ಕೆಸರು ಹಾಗೆಯೇ ಉಳಿಯುತ್ತದೆ. ಎಂಟು ತಿಂಗಳು ನೀರು ಕುಡಿದ ಮರಕ್ಕೆ ಈಗ ಗಾಳಿಯೂ ದೊರೆಯಿತು. ಮೇಲೆ ಮಳೆ, ಕೆಳಗೆ ಹಸಿನೆಲ, ಸುತ್ತ ಬೆಳೆದ ಹುಲ್ಲು. ಕೆಲವೆಡೆ ರಕ್ಷಣೆಯೆಂದು ತಾಡಪತ್ರಿ ಬಿಗಿದು ಕಟ್ಟುವುದುಂಟು. ಅದರೊಳಗೆ ಹಬೆ ಕೂಡಿ ಹಲಗೆ ಇನ್ನಷ್ಟು ಬೇಗ ಕೊಳೆಯುತ್ತದೆ. ನೆಲಕ್ಕೆ ತಗುಲಿದ ಹಲಗೆಗೆ ಗೆದ್ದಲೂ ಏರುತ್ತದೆ. ಶಿಲೀಂಧ್ರಕ್ಕೆ ಬೇಕಾದ ನಾಲ್ಕೂ ಅನುಕೂಲಗಳು ವರ್ಷದಲ್ಲಿ ಪೂರ್ಣವಾಗಿ ಕೂಡಿಬರುವುದು ಈ ವಿಶ್ರಾಂತಿಯ ಕಾಲದಲ್ಲಿಯೇ.

ಹೀಗಾಗಿ “ನೀರಿನಲ್ಲಿದ್ದು ಕೊಳೆಯಿತು” ಎಂಬ ದೂರಿನ ಬಹುಪಾಲು ನದಿಗೆ ಸಲ್ಲುವುದಲ್ಲ, ದಡದ ವ್ಯವಸ್ಥೆಗೆ ಸಲ್ಲತಕ್ಕದ್ದು. ಹಲಗೆ ದುಡಿದು ಕೆಡುವುದಕ್ಕಿಂತ ಸುಮ್ಮನೆ ಬಿದ್ದು ಕೆಡುವುದೇ ಹೆಚ್ಚು. ಕೊಳೆತ ಹಲಗೆಯನ್ನು ಎಸೆದು ಹೊಸದನ್ನು ತಂದರೂ ಅದನ್ನೂ ಅದೇ ದಡದಲ್ಲಿ ಅದೇ ರೀತಿ ಒಟ್ಟಿದರೆ ಅದರ ಗತಿಯೂ ಅದೇ. ದುರಸ್ತಿ ಹಲಗೆಯಿಂದಲ್ಲ, ಜಾಗದಿಂದ ಆರಂಭವಾಗಬೇಕು.

ಹಲಗೆ ಇಡುವ ಕ್ರಮ

ಇದಕ್ಕೆ ಬೇಕಾದ ಖರ್ಚು ಅತ್ಯಲ್ಪ. ಮೊದಲನೆಯದಾಗಿ ಸ್ಥಳ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕು. 2005ರಲ್ಲಿ, 2019ರಲ್ಲಿ, 2021ರಲ್ಲಿ ಕೃಷ್ಣೆಯ ನೆರೆ ಬಂದುದನ್ನು ಕಂಡ ಹಿರಿಯರೇ ಆ ಮಟ್ಟವನ್ನು ತೋರಿಸಬಲ್ಲರು. ಎರಡನೆಯದಾಗಿ, ಎತ್ತಿದ ದಿನವೇ ಹಲಗೆಯ ಕೆಸರನ್ನು ಉಜ್ಜಿ ತೊಳೆಯಬೇಕು. ಮೂರನೆಯದಾಗಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲುಗಳನ್ನಿಟ್ಟು ಅದರ ಮೇಲೆ ಹಲಗೆಗಳನ್ನು ಜೋಡಿಸಬೇಕು. ಪ್ರತಿ ಎರಡು ಪದರಗಳ ನಡುವೆ ಒಂದು ಅಂಗುಲ ದಪ್ಪದ ಒಣ ಪಟ್ಟಿಗಳನ್ನು ಅಡ್ಡವಿಡಬೇಕು; ಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಒಂದೇ ನೇರದಲ್ಲಿದ್ದರೆ ಹಲಗೆ ಸೊಟ್ಟಗಾಗುವುದಿಲ್ಲ. ನಾಲ್ಕನೆಯದಾಗಿ, ಮೇಲೆ ಇಳಿಜಾರಾದ ಮಾಡು ಬೇಕು, ಆದರೆ ಬದಿಗಳು ತೆರೆದಿರಬೇಕು. ಬಿಸಿಲು ನೇರವಾಗಿ ತಗುಲಿದರೆ ಹಲಗೆ ಸೀಳುತ್ತದೆ. ಗಾಳಿ ಬೀಸದಿದ್ದರೆ ಕೊಳೆಯುತ್ತದೆ.

ಮಲೆನಾಡಿನ ಓದುಗರಿಗೆ ಇದು ಹೊಸ ವಿದ್ಯೆಯಲ್ಲ. ಕಟ್ಟಿಗೆ ಕೊಟ್ಟಿಗೆಯಲ್ಲಿ ಸೌದೆಯನ್ನು ಒಟ್ಟುವ ಗೃಹಿಣಿ ಪಾಲಿಸುವ ನಿಯಮಗಳೇ ಇವು.

ಪರೀಕ್ಷೆ

ದುರಸ್ತಿಗೆ ಮುನ್ನ ಯಾವ ಹಲಗೆ ಉಳಿದೀತು, ಯಾವುದು ಉಳಿಯದು ಎಂಬ ನಿರ್ಧಾರ ಬೇಕು. ಅನುಭವಿ ಬಡಿಗನು ಮೊದಲು ಕೊಡತಿಯಿಂದ ಹಲಗೆಯನ್ನು ಉದ್ದಕ್ಕೂ ತಟ್ಟುತ್ತಾನೆ. ಗಟ್ಟಿ ಮರದ ನಾದ ಖಣಿಲೆನ್ನುತ್ತದೆ; ಕೊಳೆತದ್ದು ಬೊದ್ದಾಗಿ ಕೇಳಿಸುತ್ತದೆ. ಬಳಿಕ ಉಳಿಯ ಮೊನೆಯನ್ನು ನಾರಿಗೆ ಅಡ್ಡವಾಗಿ ಚುಚ್ಚಿ ಒಂದು ಚಕ್ಕೆಯನ್ನು ಎಬ್ಬಿಸುತ್ತಾನೆ. ಆರೋಗ್ಯವಂತ ಮರದಲ್ಲಿ ಉದ್ದವಾದ ಸಿಬಿರು ಏಳುತ್ತದೆ. ಕೊಳೆ ಹಿಡಿದ ಮರದಲ್ಲಿ ಚಕ್ಕೆ ಗಿಡ್ಡಗೆ ಪುಟಕ್ಕನೆ ಮುರಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದ ಮರವನ್ನು ಬೆರಳಿನಲ್ಲಿ ಪುಡಿಮಾಡಬಹುದು. ಬಿಳಿಚಿಕೊಂಡು ನಾರುನಾರಾದ ಮರ ಇನ್ನೊಂದು ಬಗೆಯ ಶಿಲೀಂಧ್ರದ ಕೆಲಸ. ಎರಡೂ ಅಪಾಯಕರವೇ.

ಕೊಳೆ ಕಣ್ಣಿಗೆ ಕಾಣುವ ಮೊದಲೇ ಬಲ ಹೋಗಿರುತ್ತದೆ ಎಂಬುದು ಮರೆಯತಕ್ಕ ಮಾತಲ್ಲ. ಮರ ತನ್ನ ತೂಕದಲ್ಲಿ ನೂರಕ್ಕೆ ಹತ್ತರಷ್ಟನ್ನು ಕಳೆದುಕೊಳ್ಳುವ ಹೊತ್ತಿಗೆ ಪೆಟ್ಟು ತಾಳುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರಬಹುದು.

ವಿದ್ಯಾರ್ಥಿಗಳು ಎರಡು ಲೆಕ್ಕಗಳನ್ನು ಗಮನಿಸಬೇಕು. ಮೊದಲನೆಯದು ತೇವದ್ದು. ಹಲಗೆಯ ಸಣ್ಣ ತುಂಡನ್ನು ತೂಗಿ, ಶಾಲೆಯ ಪ್ರಯೋಗಾಲಯದ ಒಲೆಯಲ್ಲಿ 103 ಡಿಗ್ರಿ ಉಷ್ಣತೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲು 130 ಗ್ರಾಂ, ಒಣಗಿದ ಮೇಲೆ 100 ಗ್ರಾಂ ಆದರೆ ಕಳೆದ ನೀರು 30 ಗ್ರಾಂ. ತೇವ ನೂರಕ್ಕೆ 30. ಅಂಥ ಹಲಗೆ ಕೊಳೆಯಲು ಸಿದ್ಧವಾಗಿದೆ ಎಂದರ್ಥ.

ಎರಡನೆಯದು ಬಲದ್ದು. ಬಾಗುವಿಕೆಯನ್ನು ತಡೆಯುವ ಹಲಗೆಯ ಶಕ್ತಿ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪದ ಕಾಲುಭಾಗ ಕೊಳೆತುಹೋದರೆ ಉಳಿದದ್ದು ಮುಕ್ಕಾಲು. ಮುಕ್ಕಾಲರ ವರ್ಗ ಹದಿನಾರರಲ್ಲಿ ಒಂಬತ್ತು. ಅಂದರೆ ಕಾಲುಭಾಗ ದಪ್ಪ ಹೋದಾಗ ಬಲದಲ್ಲಿ ನೂರಕ್ಕೆ 44 ಭಾಗ ಹೋಯಿತು. ಇದರ ಜೊತೆಗೆ ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಭಾರ. ಮೂರು ಮೀಟರ್ ಆಳದಲ್ಲಿ ಮೂರು ಟನ್. ತಳದ ಹಲಗೆಯೊಂದು ಮುರಿದರೆ ಅದರ ಮೇಲಿನವೂ ನಿಲ್ಲಲಾರವು. ಊರಿನ ಬೇಸಗೆಯ ನೀರು ಒಂದೇ ರಾತ್ರಿ ಖಾಲಿಯಾದೀತು.

ದುರಸ್ತಿ

ಹಲಗೆ ಚೆನ್ನಾಗಿ ಆರಿದ ಮೇಲೆಯೇ ದುರಸ್ತಿಗೆ ಕೈಹಾಕಬೇಕು. ಒದ್ದೆ ಮರದ ಮೇಲೆ ಡಾಂಬರು ಅಥವಾ ಬಣ್ಣ ಬಳಿಯುವುದು ಬಹಳ ಜನ ಮಾಡುವ ತಪ್ಪು. ಹೊರಗಿನ ನೀರು ಒಳಗೆ ಬರದಂತೆ ಬಳಿದ ಲೇಪ ಒಳಗಿನ ನೀರು ಹೊರಗೆ ಹೋಗದಂತೆಯೂ ತಡೆಯುತ್ತದೆ. ಹೊರಗೆ ಕಪ್ಪಗೆ ಮಿರುಗುವ ಹಲಗೆ ಒಳಗೆ ಪುಡಿಯಾಗಿರುತ್ತದೆ. ಕೊಳೆತ ಹೊಂಡಕ್ಕೆ ಸಿಮೆಂಟು ತುಂಬುವುದೂ ಇಂಥದೇ ತಪ್ಪು. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಹಾಗೆ ಮಾಡುವುದಿಲ್ಲ. ನಡುವೆ ಬಿಡುವ ಕೂದಲೆಳೆಯ ಬಿರುಕಿನಲ್ಲಿ ನೀರು ನಿಂತು ಕೊಳೆ ಮುಂದುವರಿಯುತ್ತದೆ.

ಕೊಳೆತ ಭಾಗವನ್ನು ಪೂರ್ತಿ ತೆಗೆಯಬೇಕು. ಕಣ್ಣಿಗೆ ಕಾಣುವ ಎಲ್ಲೆಯಲ್ಲಿ ನಿಲ್ಲಿಸಬಾರದು. ಶಿಲೀಂಧ್ರದ ಎಳೆಗಳು ನಾರಿನ ಉದ್ದಕ್ಕೆ ಅದರಿಂದಾಚೆಗೂ ಹೋಗಿರುತ್ತವೆ. ಆದುದರಿಂದ ನಾರಿನ ದಿಕ್ಕಿನಲ್ಲಿ ಒಂದು ಮೊಳದಷ್ಟು ಗಟ್ಟಿ ಮರವನ್ನೂ ಸೇರಿಸಿ ಕತ್ತರಿಸುವುದು ಕ್ಷೇಮ. ಬಾಂದಾರದ ಹಲಗೆಗಳಲ್ಲಿ ಕೊಳೆ ಹೆಚ್ಚಾಗಿ ಹಿಡಿಯುವುದು ತುದಿಗಳಿಗೆ. ಮರದ ನಾರು ನೀರನ್ನು ಅಡ್ಡಕ್ಕೆ ಹೀರುವುದಕ್ಕಿಂತ ಉದ್ದಕ್ಕೆ ಹೀರುವುದು ಅನೇಕ ಪಟ್ಟು ಬೇಗ. ತುದಿ ಕತ್ತರಿಸಿದ ಹಲಗೆ ಗಿಡ್ಡವಾಗುತ್ತದೆ, ನಿಜ. ಆದರೆ ಅದು ವ್ಯರ್ಥವಲ್ಲ. ಕಾಲುವೆಯ ತೂಬಿಗೆ, ಹಳ್ಳದ ಸಣ್ಣ ಒಡ್ಡಿಗೆ ಅದೇ ಹಲಗೆ ಸಾಕು.

ತುಂಡು ಕೂಡಿಸಲೇಬೇಕಾದಲ್ಲಿ ನೆಟ್ಟಗೆ ಕತ್ತರಿಸಿ ಮೊಳೆ ಹೊಡೆಯಬಾರದು. ಎರಡೂ ತುದಿಗಳನ್ನು ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಬೇಕು. ಓರೆಯ ಉದ್ದ ಹಲಗೆಯ ದಪ್ಪದ ಎಂಟು ಪಟ್ಟಾದರೂ ಇರಬೇಕು: 2 ಅಂಗುಲ ದಪ್ಪಕ್ಕೆ 16 ಅಂಗುಲ. ಬೈರಿಗೆಯಿಂದ ತೂತು ಕೊರೆದು ಸತುವಿನ ಲೇಪವಿರುವ ಬೋಲ್ಟುಗಳನ್ನು ಬಿಗಿಯಬೇಕು. ಹೊಸ ತುಂಡು ಅದೇ ಜಾತಿಯ ಮರದ್ದಾಗಿ, ಚೇಗಿನ ಭಾಗದ್ದಾಗಿರಬೇಕು. ತೇಗದ ಮರವೇ ಆದರೂ ಅದರ ಹೊರಗಿನ ಬಿಳಿ ಭಾಗ ಬಾಳುವುದಿಲ್ಲ. ಬಾಳುವುದು ಚೇಗು ಮಾತ್ರ.

ಹೀಗೆ ಕೂಡಿಸಿದ ಹಲಗೆಯನ್ನು ಎಂದಿಗೂ ತಳಕ್ಕೆ ಇಳಿಸಬಾರದು. ಇಡೀ ಹಲಗೆಗಳು ಕೆಳಗೆ, ದುರಸ್ತಿಯಾದವು ಮೇಲೆ. ಮೇಲಿನ ಜಾಗದಲ್ಲಿ ಒತ್ತಡ ಕಡಿಮೆ. ಕೊಳೆ ಮರುಕಳಿಸಿದರೂ ಕಣ್ಣಿಗೆ ಬೀಳುತ್ತದೆ, ಎತ್ತಿ ಬದಲಿಸುವುದೂ ಸುಲಭ. ಪ್ರತಿ ಹಲಗೆಗೆ ಒಂದು ಅಂಕಿ ಕೆತ್ತಿ, ಯಾವ ವರ್ಷ ಯಾವ ಸಾಲಿನಲ್ಲಿತ್ತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಊರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ದಪ್ಪದ ಕಾಲುಭಾಗಕ್ಕಿಂತ ಹೆಚ್ಚು ಕೊಳೆತ ಹಲಗೆಯನ್ನು ಯಾವ ಮರುಕವೂ ಇಲ್ಲದೆ ನೀರಿನ ಕೆಲಸದಿಂದ ಬಿಡಿಸಬೇಕು.

ಮದ್ದುಗಳ ವಿಚಾರ

ಮರಕ್ಕೆ ಮದ್ದು ಕೊಡುವ ಶಾಸ್ತ್ರದಲ್ಲಿ ಭಾರತೀಯನೊಬ್ಬನ ಹೆಸರು ಜಗತ್ತಿಗೇ ಪರಿಚಿತ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವೊಂದನ್ನು ರೂಪಿಸಿದರು. ‘ಆಸ್ಕು’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಆ ಮದ್ದು ಒತ್ತಡದಲ್ಲಿ ಮರದೊಳಗೆ ಇಳಿದು, ಕಂಬಗಳನ್ನೂ ಸ್ಲೀಪರುಗಳನ್ನೂ ದಶಕಗಳ ಕಾಲ ಕಾಪಾಡಿತು. ಆದರೆ ಆರ್ಸೆನಿಕ್ ವಿಷ. ಅದು ಅಲ್ಪಸ್ವಲ್ಪವಾಗಿ ನೀರಿಗೆ ಸೋರುತ್ತದೆ ಎಂಬುದು ತಿಳಿದ ಮೇಲೆ ಅಮೆರಿಕದ ತಯಾರಕರು 2003ರ ಕೊನೆಯಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದನ್ನು ನಿಲ್ಲಿಸಿದರು. ಜನ ದನಗಳು ಕುಡಿಯುವ ನೀರನ್ನು ತಡೆಯುವ ಹಲಗೆಗೆ ಅಂಥ ಮದ್ದು ಸಲ್ಲದು.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಇಷ್ಟು ಅಪಾಯಕರವಲ್ಲ. ಮನೆಯೊಳಗಿನ ತೊಲೆ ಜಂತೆಗಳಿಗೆ ಉತ್ತಮ. ಆದರೆ ಅದು ನೀರಿನಲ್ಲಿ ಕರಗಿಹೋಗುವುದರಿಂದ ಬಾಂದಾರಕ್ಕೂ ಸಂಕಕ್ಕೂ ಪ್ರಯೋಜನವಿಲ್ಲ. ಕರಾವಳಿಯ ದೋಣಿಗಾರರು ಮೀನೆಣ್ಣೆಯನ್ನೂ ಗೋಡಂಬಿ ಸಿಪ್ಪೆಯ ಎಣ್ಣೆಯನ್ನೂ ತಲೆಮಾರುಗಳಿಂದ ಬಳಿಯುತ್ತ ಬಂದಿದ್ದಾರೆ. ಇವು ನೀರನ್ನು ದೂರವಿಡುತ್ತವೆ. ವರ್ಷವರ್ಷವೂ ಮತ್ತೆ ಬಳಿಯಬೇಕು. ಗೋಡಂಬಿ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸು ಅವಶ್ಯ. ಒಣಗಿದ ಹಲಗೆಯ ತುದಿಗಳಿಗೆ ಇಂಥ ಎಣ್ಣೆಯನ್ನು ಎರಡು ಮೂರು ಸಲ ಕುಡಿಸುವುದೇ ಹಳ್ಳಿಯ ಮಟ್ಟದಲ್ಲಿ ಸಾಧ್ಯವಾದ ಒಳ್ಳೆಯ ರಕ್ಷಣೆ.

ಬಯಲುಸೀಮೆಯ ಬಡಿಗರ ಒಂದು ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಬಂಡಿಗೆ, ನೇಗಿಲಿಗೆ ಬೇಕಾದ ಜಾಲಿಯ ದಿಮ್ಮಿಯನ್ನು ಅವರು ಕೆಲವು ತಿಂಗಳು ಕೆರೆಯಲ್ಲೋ ಬಾವಿಯಲ್ಲೋ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ಒಣಗಿಸಿ ಬಳಸುತ್ತಾರೆ. ಮರದೊಳಗಿನ ಪಿಷ್ಟ, ಸಕ್ಕರೆಯ ಅಂಶಗಳು ನೀರಿಗೆ ಬಿಟ್ಟುಹೋಗುವುದರಿಂದ ಹುಳು ಹತ್ತುವುದು ಕಡಿಮೆಯಾಗುತ್ತದೆ. ಪೂರ್ತಿ ಮುಳುಗಿದ ಮರಕ್ಕೆ ನೀರು ಶತ್ರುವಲ್ಲ ಎಂಬುದನ್ನು ಆ ಬಡಿಗರು ಅನುಭವದಿಂದಲೇ ಅರಿತಿದ್ದರು.

ಮರವೋ, ಉಕ್ಕೋ?

ಇಷ್ಟೆಲ್ಲ ತಾಪತ್ರಯವೇಕೆ, ಉಕ್ಕು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಹಲವೆಡೆ ಉಕ್ಕೇ ಸರಿ. ಮರವೇ ಬೇಕೆಂಬ ಹಟವನ್ನು ಪರಿಸರ ಪ್ರೇಮವೆನ್ನಲಾಗದು. ಸುಳ್ಯದ ಗಿರೀಶ್ ಭಾರದ್ವಾಜರು 1989ರಿಂದ ಉಕ್ಕಿನ ಹಗ್ಗದ ತೂಗುಸೇತುವೆಗಳನ್ನು ಕಟ್ಟಿ ಎಷ್ಟೋ ಹಳ್ಳಿಗಳ ಮಳೆಗಾಲದ ಕಷ್ಟವನ್ನು ನೀಗಿಸಿದ್ದಾರೆ. ಆದರೆ ಉಕ್ಕಿನ ಹಲಗೆಯನ್ನೂ ಕೆಸರು ಸಹಿತ ದಡದಲ್ಲಿ ಒಟ್ಟಿದರೆ ತುಕ್ಕು ತಿನ್ನುತ್ತದೆ. ತುಕ್ಕಿಗೂ ಬೇಕಾದದ್ದು ತೇವ ಮತ್ತು ಗಾಳಿಯೇ. ಗುಜರಿಗೆ ಬೆಲೆಯಿರುವುದರಿಂದ ಕಳವಿನ ಭಯವೂ ಉಂಟು. ವಸ್ತುವನ್ನು ಬದಲಿಸಿ ಅಭ್ಯಾಸವನ್ನು ಬದಲಿಸದಿದ್ದರೆ ಫಲ ಅಷ್ಟಕ್ಕಷ್ಟೆ.

ಮರವನ್ನೇ ಬಳಸುವಲ್ಲಿ ಲೆಕ್ಕ ಸ್ಪಷ್ಟವಾಗಿದೆ. ತೇಗದ ನೆಡುತೋಪಿನಲ್ಲಿ ಮರ ದೊಡ್ಡ ಹಲಗೆಗೆ ಒದಗಲು 50-60 ವರ್ಷ ಬೇಕು. ಒಂದು ಜಾಗದ ಹಲಗೆ 5 ವರ್ಷಕ್ಕೊಮ್ಮೆ ಕೊಳೆತರೆ ಒಂದು ಮರ ಬೆಳೆಯುವ 60 ವರ್ಷಗಳಲ್ಲಿ ಆ ಜಾಗಕ್ಕೆ 12 ಹಲಗೆಗಳು ಬೇಕು. ಅದೇ ಹಲಗೆಯನ್ನು ಒಣಗಿಸಿ, ದುರಸ್ತಿ ಮಾಡಿ 15 ವರ್ಷ ಬಾಳಿಸಿದರೆ 4 ಸಾಕು. ಉಳಿದ 8 ಹಲಗೆಗಳ ಮರ ದಾಂಡೇಲಿಯಲ್ಲೋ ಖಾನಾಪುರದಲ್ಲೋ ನಿಂತಿರುತ್ತದೆ. ನಿಂತ ಮರ ಮಳೆನೀರನ್ನು ಮಣ್ಣಿಗೆ ಇಳಿಸುತ್ತದೆ. ಘಟ್ಟದ ಹಳ್ಳಗಳು ಬೇಸಗೆಯಲ್ಲಿಯೂ ಜಿನುಗುತ್ತವೆ. ಬಾಂದಾರದ ಹಿಂದೆ ನಿಲ್ಲುವ ನೀರಿಗೆ ಅಂಥ ಹಳ್ಳಗಳೂ ಮೂಲ.

ಮತ್ತೆ ಕಾಲುಸಂಕಕ್ಕೆ

ರಾಯಬಾಗ ಸೀಮೆಯ ಬಾಂದಾರ ಕಲಿಸಿದ ಪಾಠವನ್ನು ಈಗ ಊರಿನ ಹಳ್ಳಕ್ಕೆ ತರಬಹುದು. ಸಂಕದ ತುದಿಗಳನ್ನು ಮಣ್ಣಿನಲ್ಲಿ ಹೂಳದೆ ಚಪ್ಪಡಿ ಕಲ್ಲಿನ ಮೇಲೆ ಇರಿಸಬೇಕು. ತುದಿಯ ಸುತ್ತ ಗಾಳಿಯಾಡುವಷ್ಟು ಎಡೆ ಬಿಡಬೇಕು. ಮರಗಳನ್ನು ಒತ್ತೊತ್ತಾಗಿ ಕಟ್ಟದೆ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟರೆ ಎಲೆ, ಕಸ ಸಿಕ್ಕಿಕೊಂಡು ತೇವ ನಿಲ್ಲುವುದಿಲ್ಲ. ಕತ್ತರಿಸಿದ ತುದಿಗೆ ಎಣ್ಣೆ ಕುಡಿಸಬೇಕು. ಮಳೆಗಾಲದ ಮುನ್ನ ನಡುಭಾಗವನ್ನು ತುಳಿದು ನೋಡುವುದರ ಜೊತೆಗೆ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಬೇಕು. ಹಳ್ಳ ಇಳಿದ ಮೇಲೆ ಬೇಕಿಲ್ಲದ ಸಂಕವನ್ನು ಎತ್ತಿ ಒಣಗಿಸಿಡಬೇಕು.

ಸಂಕದ ಮೇಲೆ ಶಾಲೆಯ ಮಕ್ಕಳು ನಡೆಯುತ್ತಾರೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದದ್ದನ್ನು ಯಾರೂ ಮರೆತಿರಲಾರರು. ಶಾಶ್ವತ ಸೇತುವೆ ಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡತಕ್ಕದ್ದಲ್ಲ. ಆದರೆ ಆ ಸೇತುವೆ ಬರುವವರೆಗಿನ ಪ್ರತಿಯೊಂದು ಮಳೆಗಾಲದಲ್ಲಿಯೂ ಮಕ್ಕಳು ದಾಟುವುದು ಇರುವ ಸಂಕವನ್ನೇ. ಅದಕ್ಕೆ ಕೈಪಿಡಿಯಾಗಿ ಒಂದು ಬಿದಿರು ಕಟ್ಟುವುದು, ಪಾಚಿ ಉಜ್ಜುವುದು, ತುದಿಯನ್ನು ಕಲ್ಲಿನ ಮೇಲೆ ಎತ್ತಿಡುವುದು, ಇವು ಯಾವ ಮಂಜೂರಾತಿಗೂ ಕಾಯಬೇಕಿಲ್ಲದ ಕೆಲಸಗಳು.

ಈ ವರ್ಷ ಮೇ ತಿಂಗಳ ಒಂದು ಭಾನುವಾರ ಪ್ರತಿ ಊರಿನ ವಿದ್ಯಾರ್ಥಿಗಳು ಒಬ್ಬ ಬಡಿಗನನ್ನೂ ಒಬ್ಬ ಹಿರಿಯರನ್ನೂ ಕರೆದುಕೊಂಡು ತಮ್ಮ ಊರಿನ ಸಂಕಗಳ ಎರಡೂ ತುದಿಗಳನ್ನು ಪರೀಕ್ಷಿಸಿ, ಕಂಡದ್ದನ್ನು ಒಂದು ವಹಿಯಲ್ಲಿ ಬರೆದಿಡಲಿ. ಉಳಿ, ಕೊಡತಿ, ನಾಲ್ಕು ಚಪ್ಪಡಿ ಕಲ್ಲು ಮತ್ತು ಅರ್ಧ ದಿನದ ಶ್ರಮ ಇದ್ದರೆ ಆ ಕೆಲಸ ಮುಗಿಯುತ್ತದೆ.